ಮಳೆಗಾಲದಲ್ಲಿ ಸಸಿ ಮಾಡಲು ಮನೆಯ ಹಳೆ ಸಾಮಾನು: ಯಾವುದು ಆಗ್ತದೆ, ಯಾವುದು ಬೇಡ?

ಕದ್ರಿ_ತಾರಸಿ:
ಎಲ್ಲರಿಗೂ ನಮಸ್ಕಾರ. ತಾರಸಿಯಲ್ಲಿ ಸಣ್ಣ ಕೈತೋಟ. ಮಳೆ ಬಿಡುವ ಹೊತ್ತಿಗೆ ಗುಳ್ಳ (ದುಂಡು ಬದನೆ), ಗಾಂಧಾರಿ ಮೆಣಸು, ಮಂಗಳೂರು ಸೌತೆ ನೆಡಲು ಸಸಿ ತಯಾರಾಗಿರಬೇಕು. ಟ್ರೇ, ಕೊಕೊಪಿಟ್ (ತೆಂಗಿನ ನಾರಿನ ಹುಡಿ) ದುಡ್ಡು ಕೊಟ್ಟು ತರದೆ ಮನೆಯ ಸಾಮಾನಿನಲ್ಲೇ ಮಾಡಬಹುದಾ? ಹಾಲಿನ ತೊಟ್ಟೆ (ಪ್ಲಾಸ್ಟಿಕ್ ಪ್ಯಾಕೆಟ್), ಮೊಟ್ಟೆಯ ಕಾಗದದ ಟ್ರೇ, ನೀರಿನ ಬಾಟಲಿ, ಗೆರಟೆ (ತೆಂಗಿನ ಚಿಪ್ಪು) ಬೇಕಾದಷ್ಟು ಉಂಟು. ವಿಡಿಯೋಗಳಲ್ಲಿ ಮೊಟ್ಟೆ ಟ್ರೇಯಲ್ಲಿ ಬೀಜ ಹಾಕಿ ಮೇಲೆ ಬಾಟಲಿ ಕವುಚಿಡಿ ಅಂತಾರೆ. ನಮ್ಮ ಕರಾವಳಿಗೆ ಅದು ಸರಿಯಾ? ಮೊಳಕೆ ಬಂದ ಸಸಿ ಬುಡ ಸಣ್ಣಗಾಗಿ ಅಡ್ಡ ಬೀಳುವುದು ಯಾಕೆ?

ಕೆಂಪುಕಲ್ಲು:
ಬಾಟಲಿ ಕವುಚುವುದು ಚಳಿ ದೇಶದವರ ಉಪಾಯ. ಅಲ್ಲಿ ಬೀಜಕ್ಕೆ ಬಿಸಿ ಸಾಲದು, ಗಾಳಿ ಒಣ. ನಮ್ಮಲ್ಲಿ ಜುಲೈಯಲ್ಲೂ ಬೀಜಕ್ಕೆ ಬೇಕಾದಷ್ಟು ಬಿಸಿ ಇದೆ, ಗಾಳಿಯ ತೇವವೂ ಧಾರಾಳ. ಮುಚ್ಚಿಟ್ಟರೆ ಬೂಷ್ಟು, ಬಿಸಿಲು ಬಂದ ದಿನ ಸಸಿ ಬೇಯುತ್ತದೆ. ಇಲ್ಲಿ ಪಾತ್ರೆ ಆರಿಸುವಾಗ ನೋಡಬೇಕಾದ್ದು ಒಂದೇ: ನೀರು ಎಷ್ಟು ಬೇಗ ಇಳಿದು ಹೋಗುತ್ತದೆ.

ಸಸಿ ಅಡ್ಡ ಬೀಳುವುದು ಮಣ್ಣಿನಲ್ಲಿರುವ ಪೀಥಿಯಂನಂಥ, ಶಿಲೀಂಧ್ರವನ್ನು ಹೋಲುವ ಸೂಕ್ಷ್ಮಜೀವಿಗಳಿಂದ. ಮಣ್ಣಿನ ಕಣಗಳ ನಡುವೆ ನೀರು ನಿಂತರೆ ಅದರ ಬೀಜಕಗಳು ಈಜಿಕೊಂಡು ಬುಡಕ್ಕೆ ತಲಪುತ್ತವೆ. ಒತ್ತಾಗಿ ಬಿತ್ತಿದರೆ ಒಂದರಿಂದ ಒಂದಕ್ಕೆ ಹರಡಲು ಎರಡು ದಿನ ಸಾಕು. ಬಿದ್ದ ಸಸಿ ಉಳಿಯುವುದಿಲ್ಲ. ಸುತ್ತಲಿನ ಮಣ್ಣು ಸಮೇತ ಚಮಚದಲ್ಲಿ ತೋಡಿ ಬಿಸಾಡಿ.

ಮೊಟ್ಟೆ ಟ್ರೇ ಬೇಡ. ಒಂದು ಗುಳಿಯಲ್ಲಿ ಹಿಡಿಯುವ ಮಣ್ಣು ಎರಡು ಚಮಚದಷ್ಟೇ, ಕಾಗದವೂ ಈ ತೇವಕ್ಕೆ ಬೇಗನೆ ಕರಗುತ್ತದೆ. ಗುಳ್ಳದ ಸಸಿಗೆ 30–35 ದಿನ ಬೇಕು, ಗಾಂಧಾರಿ ಮೊಳೆಯಲಿಕ್ಕೇ ಎರಡು ಮೂರು ವಾರ ಹಿಡಿಯಬಹುದು.

ಬಿತ್ತಲು ಎಲ್ಲಕ್ಕಿಂತ ಒಳ್ಳೆಯದು ಮೀನಿನ ಥರ್ಮಾಕೋಲ್ ಪೆಟ್ಟಿಗೆ. ಉಪ್ಪು, ಜಿಡ್ಡು ಹೋಗುವಂತೆ ಸೋಪು ಹಾಕಿ ತಿಕ್ಕಿ ತೊಳೆದು ಒಣಗಿಸಿ. ಅಡಿಗೆ ಬೆರಳು ಹೋಗುವಷ್ಟು ದೊಡ್ಡ ತೂತು ಹತ್ತು ಕೊರೆದು, ಎರಡು ಇಟ್ಟಿಗೆ ಮೇಲೆ ಕೂರಿಸಿ. ನೆಲಕ್ಕೆ ತಾಗಿದ್ದರೆ ತೂತು ಇದ್ದೂ ನೀರು ಇಳಿಯದು. ಮಣ್ಣು 8 ಸೆಂ.ಮೀ. ಸಾಕು. ಹಳೆ ಪೆನ್ನಿನ ಕೊಳವೆಗೆ ಅರ್ಧ ಸೆಂ.ಮೀ.ಗೆ ಗುರುತು ಹಾಕಿ ಸಾಲು ಗೀರಿ. ಗುಳ್ಳ, ಮೆಣಸಿಗೆ ಅರ್ಧ ಸೆಂ.ಮೀ. ಆಳ, ಬೀಜದಿಂದ ಬೀಜಕ್ಕೆ 2 ಸೆಂ.ಮೀ. ಸಾಲುಗಳ ನಡುವೆ 5.

ನಿಜವಾದ ಎಲೆ (ಮೊದಲು ಬರುವ ಬೀಜದೆಲೆಗಳ ನಂತರದ್ದು) ಎರಡು ಬಂದಾಗ ಹಾಲಿನ ತೊಟ್ಟೆಗೆ ಬದಲಿಸಿ. ಅರ್ಧ ಲೀಟರಿನ ತೊಟ್ಟೆಯ ಮೇಲಂಚು ಪೂರ್ತಿ ಕತ್ತರಿಸಿ ಸೋಪಿನಲ್ಲಿ ತೊಳೆಯಿರಿ, ಹಾಲಿನ ಜಿಡ್ಡು ಉಳಿದರೆ ಇರುವೆ ಬರುತ್ತದೆ. ಅಡಿಯ ಎರಡು ಮೂಲೆಯನ್ನು 1 ಸೆಂ.ಮೀ. ಕತ್ತರಿಸಿ: ನೀರೂ ಇಳಿಯುತ್ತದೆ, ಮಣ್ಣು ತುಂಬಿದಾಗ ತೊಟ್ಟೆ ನೆಟ್ಟಗೆ ಕೂರುತ್ತದೆ. ಸಸಿಯನ್ನು ಚಮಚದ ಹಿಡಿಯಿಂದ ಎಬ್ಬಿಸಿ, ಎಲೆ ಹಿಡಿದು ಎತ್ತಿ. ಎಲೆ ಹರಿದರೆ ಇನ್ನೊಂದು ಬರುತ್ತದೆ, ಕಾಂಡ ನಲುಗಿದರೆ ಸಸಿಯೇ ಹೋಯಿತು.

ಗೆರಟೆಯಲ್ಲಿ ಮೂರು ಕಣ್ಣಿರುವ ಅರ್ಧ ಮಾತ್ರ ಬಳಸಿ. ಮೆತ್ತಗಿನ ಕಣ್ಣನ್ನು ಸ್ಕ್ರೂಡ್ರೈವರಿನಿಂದ ಒತ್ತಿದರೆ ತೂತು ಸಿದ್ಧ. ಬಾಟಲಿಯಿಂದ 3 ಸೆಂ.ಮೀ. ಎತ್ತರದ ಬಳೆ ಕತ್ತರಿಸಿ ಕೆಳಗಿಟ್ಟರೆ ಉರುಳುವುದಿಲ್ಲ. ಕಣ್ಣಿಲ್ಲದ ಅರ್ಧವನ್ನು ತಾರಸಿಯಲ್ಲಿ ಬಿಡಲೇಬೇಡಿ. ಮಳೆ ನೀರು ನಿಂತು ಡೆಂಗಿ ಸೊಳ್ಳೆ ಮೊಟ್ಟೆ ಇಡುವುದು ಅಂಥದ್ದರಲ್ಲೇ. ಮಣ್ಣು ತೋಡಲು ಬಳಸಿ, ಕವುಚಿ ಇಡಿ.

ಸುಡುಮಣ್ಣು:
ಮೇಲಿನವರು ಮಣ್ಣಿನ ವಿಷಯ ಬಿಟ್ಟಿದ್ದಾರೆ. ಬರೀ ಕೆಂಪು ಮಣ್ಣು ಮಳೆಗೆ ಗಟ್ಟಿಯಾಗಿ ಕೂರುತ್ತದೆ. ಜರಡಿ ಹಿಡಿದ ಕೆಂಪು ಮಣ್ಣು 1 ಪಾಲು, ಪುಡಿಯಾದ ಹಳೆ ಹಟ್ಟಿಗೊಬ್ಬರ 1 ಪಾಲು, ತೆಂಗಿನ ನಾರಿನ ಹುಡಿ 1 ಪಾಲು ಹಾಕಿ. ಹುಡಿಗೆ ದುಡ್ಡು ಕೊಡಬೇಕಿಲ್ಲ, ಒಣ ಸಿಪ್ಪೆಯನ್ನು ಕುಟ್ಟಿ ಉದುರಿಸಿದರೆ ಸಿಗುತ್ತದೆ. ಬಾಲ್ದಿಯಲ್ಲಿ ನೆನೆಹಾಕಿ, ನೀರಿನ ಕಂದು ಬಣ್ಣ ತಿಳಿಯಾಗುವ ತನಕ ಬದಲಿಸಿ. ಹಿನ್ನೀರಿನಲ್ಲಿ ಕೊಳೆಹಾಕಿದ ಸಿಪ್ಪೆಯಾದರೆ ಉಪ್ಪು ಇರುತ್ತದೆ, ಎಲೆಯ ಅಂಚು ಸುಟ್ಟಂತಾಗುವುದು ಅದರಿಂದ.

ಶಿಲೀಂಧ್ರ ಕೊಲ್ಲಲು ಕುದಿನೀರು ಹೊಯ್ದರೆ ಸಾಲದು, ಒಳಗೆ ಹೋಗುವಾಗಲೇ ಆರುತ್ತದೆ. ಮೂಲೆ ಸೇರಿದ ಹಳೆ ಇಡ್ಲಿ ಅಟ್ಟಿ (ಇಡ್ಲಿ ಬೇಯಿಸುವ ಪಾತ್ರೆ) ಇದ್ದರೆ, ತೇವದ ಮಣ್ಣನ್ನು ಬಟ್ಟೆಯಲ್ಲಿ ಸಡಿಲವಾಗಿ ಕಟ್ಟಿ ಹಬೆಯಲ್ಲಿಡಿ. ನಡುವಿನ ಮಣ್ಣು 82 ಡಿಗ್ರಿಗೆ ಬಂದ ಮೇಲೆ ಅರ್ಧ ಗಂಟೆ ಬೇಕು. ಥರ್ಮಾಮೀಟರ್ ಇಲ್ಲದಿದ್ದರೆ ಹಬೆ ಎದ್ದ ಮೇಲೆ ಮುಕ್ಕಾಲು ಗಂಟೆ ಬಿಡಿ. ಆ ಅಟ್ಟಿಯಲ್ಲಿ ಮತ್ತೆ ಅಡುಗೆ ಬೇಡ. ತೋಟ ಇರುವವರಿಗೆ ಸುಡುಮಣ್ಣೇ (ತರಗೆಲೆ, ಕಸದ ಜೊತೆ ಸುಟ್ಟ ಮಣ್ಣು) ಸುಲಭ. ಆದರೆ ಜರಡಿ ಹಿಡಿದು ಬೂದಿ ಕಡಿಮೆ ಮಾಡಿ, ಹೆಚ್ಚಾದರೆ ಎಳೆ ಬೇರು ಸುಡುತ್ತದೆ.

ನೀರು ಮೇಲಿಂದ ಸುರಿಯಬೇಡಿ. ತೊಟ್ಟೆಗಳನ್ನು 1 ಸೆಂ.ಮೀ. ನೀರಿರುವ ಹರಿವಾಣದಲ್ಲಿ 20 ನಿಮಿಷ ಇಟ್ಟು ತೆಗೆಯಿರಿ.

ಹಾಳೆ_ಕಡ್ಡಿ:
ಸೌತೆಯನ್ನು ಪೆಟ್ಟಿಗೆಯಲ್ಲಿ ಬಿತ್ತಿ ಕಿತ್ತು ನೆಡಬೇಡಿ. ಸೌತೆ, ಹೀರೆ, ಪಡುವಲದ ಬೇರು ಅಲುಗಿದರೆ ಗಿಡ ವಾರಗಟ್ಟಲೆ ಮಂಕಾಗಿರುತ್ತದೆ. ಅಡಿಕೆ ಹಾಳೆಯ ಕಪ್ ಮಾಡಿ. ಅರ್ಧ ಗಂಟೆ ನೀರಲ್ಲಿ ನೆನೆಸಿ, 10 ಸೆಂ.ಮೀ. ಅಗಲ, 25 ಸೆಂ.ಮೀ. ಉದ್ದದ ಪಟ್ಟಿ ಕತ್ತರಿಸಿ, ಸುರುಳಿ ಸುತ್ತಿ ಹಿಡಿಸೂಡಿ (ತೆಂಗಿನ ಗರಿಯ ಪೊರಕೆ) ಕಡ್ಡಿ ಚುಚ್ಚಿ. ಅಡಿ ಬೇಡ, ಮಣ್ಣು ತುಂಬಿ ಪೆಟ್ಟಿಗೆಯಲ್ಲಿ ಒತ್ತಾಗಿ ನಿಲ್ಲಿಸಿದರೆ ಆಯಿತು. ಕಪ್‌ಗೆ ಎರಡು ಬೀಜ, ಮೊಳೆತ ಮೇಲೆ ಸೊರಗಿದ್ದನ್ನು ಕತ್ತರಿಯಲ್ಲಿ ಕತ್ತರಿಸಿ, ಕೀಳಬೇಡಿ. 12–15 ದಿನಕ್ಕೆ ಗುಂಡಿಯಲ್ಲಿಟ್ಟು ಕಡ್ಡಿ ಎಳೆದು ಹಾಳೆ ಬಿಡಿಸಿ. ಹಾಳೆ ಬೇಗ ಕೊಳೆಯುವುದಿಲ್ಲ, ಹಾಗೇ ಹೂತರೆ ಬೇರು ಒಳಗೇ ಸುತ್ತುತ್ತದೆ.

ಹರಿವೆ, ಅಲಸಂಡೆಗೆ ಈ ಯಾವ ಕೆಲಸವೂ ಬೇಡ, ನೇರ ಬಿತ್ತಿ.

ಕದ್ರಿ_ತಾರಸಿ:
ತುಂಬ ಉಪಕಾರ ಆಯ್ತು ಮಾರಾಯ್ರೆ. ಹಾಗಾದರೆ ಪೆಟ್ಟಿಗೆ ಎಲ್ಲಿಡುವುದು? ವರಾಂಡದ ಒಳಗೆ ಇಟ್ಟರೆ ಆಗ್ತದಾ?

ಕೆಂಪುಕಲ್ಲು:
ವರಾಂಡದ ಒಳಗೆ ಬೆಳಕು ಸಾಲದೆ ಸಸಿ ಉದ್ದುದ್ದ ಹೋಗಿ ಬಳುಕುತ್ತದೆ. ತಾರಸಿಯಲ್ಲೇ ಇಟ್ಟು ಎರಡು ಅಡಿ ಎತ್ತರದಲ್ಲಿ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಕಟ್ಟಿ, ಹೊಸ ಹಾಸಿಗೆಗೆ ಸುತ್ತಿ ಬರುವ ಕವರ್ ಸಾಕು. ಪೂರ್ವಕ್ಕೆ ಇಳಿಜಾರಾಗಲಿ. ಗಾಳಿಮಳೆ ಬರುವುದು ಪಶ್ಚಿಮದಿಂದ, ಆ ಬದಿಯನ್ನು ನೆಲದ ತನಕ ಇಳಿಸಿ, ಉಳಿದ ಮೂರು ಬದಿ ತೆರೆದಿಡಿ. ಬಸವನಹುಳು ಇದ್ದರೆ ಇಟ್ಟಿಗೆಯ ಬದಲು ಹಳೆ ಸ್ಟೂಲ್ ಇಟ್ಟು, ಕಾಲುಗಳನ್ನು ಸೋಪುನೀರಿನ ಡಬ್ಬಿಯಲ್ಲಿ ನಿಲ್ಲಿಸಿ. ಗುಳ್ಳ, ಗಾಂಧಾರಿಯನ್ನು ಆಗಸ್ಟ್ ಮಧ್ಯದೊಳಗೆ ಬಿತ್ತಿ. ಸೌತೆ ಸೆಪ್ಟೆಂಬರ್ ಎರಡನೇ ವಾರಕ್ಕಾದರೂ ಸಾಕು.