‘ದಿನಕ್ಕೆ ಐದು ಸ್ಲ್ಯಾಂಗ್’: ಎಂ.ಎ. ಇಂಗ್ಲಿಷ್ ಗೆಳೆಯರ ಗುಂಪಿಗೆ ಬಂದ ಒಂದು ಫಾರ್ವರ್ಡ್

ಗುರುಪ್ರಸಾದ್: 📄 ಅಮೆರಿಕನ್ ಟಿವಿ ಸ್ಲ್ಯಾಂಗ್ 100, ಪಿಡಿಎಫ್, 9 ಪುಟ
‘ದಿನಕ್ಕೆ 5 ಮಾತು ಕಲಿಯಿರಿ, 20 ದಿನದಲ್ಲಿ ಸಬ್‌ಟೈಟಲ್ ಇಲ್ಲದೆ ಅಮೆರಿಕನ್ ಸೀರೀಸ್ ನೋಡಿ!’

ಗುರುಪ್ರಸಾದ್: ಬಿ.ಎ. ಕೊನೆ ವರ್ಷದ ಮಕ್ಕಳ ಗುಂಪಿಗೆ ಹಾಕೋಣ ಅಂತಿದೀನಿ. ಒಮ್ಮೆ ಕಣ್ಣಾಡಿಸಿ ಹೇಳಿ.

ವೀಣಾ: ಹಾಕ್ಬೇಡ ಗುರು. ಮಕ್ಕಳಿಗೆ ಅಮೆರಿಕನ್ ಸೀರೀಸ್ ಅರ್ಥ ಆಗದೆ ಇರೋದು ಸ್ಲ್ಯಾಂಗ್ ಗೊತ್ತಿಲ್ಲ ಅಂತಲ್ಲ. ಗೊತ್ತಿರೋ ಪದವೇ ಕಿವಿಗೆ ಸಿಗ್ತಿಲ್ಲ. ‘ವಾಟ್ ಆರ್ ಯೂ ಗೋಯಿಂಗ್ ಟು ಡೂ’ ಅಂತ ಬೋರ್ಡ್ ಮೇಲೆ ಬರೆದ್ರೆ ಎಂಟನೇ ಕ್ಲಾಸಿನ ಹುಡುಗನೂ ಅರ್ಥ ಹೇಳ್ತಾನೆ. ಪರದೆ ಮೇಲೆ ಅದು ‘ವಾಡಯ ಗನ ಡೂ’ ಆಗಿ ಹಾರಿಹೋಗುತ್ತೆ. ಆ ನೂರರಲ್ಲಿ ಇದಕ್ಕೆ ಎಲ್ಲಿದೆ ಜಾಗ?

ಗುರುಪ್ರಸಾದ್: ಕಿವಿ ಆಮೇಲೆ ಕಣೇ. ಅರ್ಥ ಗೊತ್ತಿಲ್ಲದೆ ಕೇಳಿಸಿ ಏನು ಪ್ರಯೋಜನ? ‘ರೇನ್ ಚೆಕ್’ ಎಷ್ಟು ಸ್ಪಷ್ಟವಾಗಿ ಕೇಳಿಸಿದ್ರೂ ಮಳೆ, ಬ್ಯಾಂಕ್ ಚೆಕ್ ಅಂತಲೇ ಅಂದ್ಕೋತಾರೆ. ‘ಪ್ಲೀಡ್ ದ ಫಿಫ್ತ್’ ಅಂದ್ರೆ ಐದನೇದು ಏನು ಅಂತ ಕೇಳ್ತಾರೆ.

ರಫೀಕ್: ಗುರಣ್ಣ, ಪಿಡಿಎಫ್ ಪೂರ್ತಿ ಓದಿದೆ. ಕ್ಯಾಪ್ಷನ್ (ಪರದೆ ಮೇಲಿನ ಮಾತಿನ ಬರಹ) ಕೆಲಸದವನ ಕಣ್ಣಲ್ಲಿ ನೋಡಿದ್ರೆ ಇದರಲ್ಲಿ ಅಮೆರಿಕದ್ದಲ್ಲದ್ದು ತುಂಬ ಸೇರ್ಕೊಂಡಿದೆ. 14ನೇದು ‘ಪಿಸ್ಡ್’, ಅರ್ಥ ‘ಕುಡಿದು ಅಮಲೇರಿದ’ ಅಂತ. ಅದು ಬ್ರಿಟಿಷ್ ಅರ್ಥ. ಅಮೆರಿಕದಲ್ಲಿ ಸಿಟ್ಟು ಬಂದಿದೆ ಅಂತ. 31ನೇದು ‘ಟು ಟೇಬಲ್’, ಅರ್ಥ ‘ಚರ್ಚೆಗೆ ತರು’. ಅಮೆರಿಕದಲ್ಲಿ ಅದು ಉಲ್ಟಾ: ಚರ್ಚೆಯನ್ನ ಮುಂದಕ್ಕೆ ಹಾಕು. ರಾಜಕೀಯದ ಸೀರೀಸ್‌ನಲ್ಲಿ ಮಸೂದೆ ಟೇಬಲ್ ಆಯ್ತು ಅಂದಾಗ ಈ ಪಟ್ಟಿ ನಂಬಿದವನಿಗೆ ಕಥೆಯೇ ತಿರುಗಿಹೋಗುತ್ತೆ. ‘ಬ್ಲಡಿ’, ‘ಸ್ಟಿಕಿ ವಿಕೆಟ್’ (ಇಕ್ಕಟ್ಟಿನ ಪರಿಸ್ಥಿತಿ) ಕೂಡ ಇವೆ.

ವೀಣಾ: 58ನೇದು ‘ರೇನಿಂಗ್ ಕ್ಯಾಟ್ಸ್ ಆ್ಯಂಡ್ ಡಾಗ್ಸ್’. ಶಾಲೆ ಗ್ರಾಮರ್ ಪುಸ್ತಕದಲ್ಲಿ ಸಿಗೋಷ್ಟು ಅದು ಟಿವಿ ಮಾತಲ್ಲಿ ಸಿಗಲ್ಲ.

ಗುರುಪ್ರಸಾದ್: ಸರಿ, ನಾಲ್ಕೈದು ತಪ್ಪು ತಿದ್ದೋಣ. ತಪ್ಪಿದೆ ಅಂತ ಪಟ್ಟಿಯನ್ನೇ ಎಸೆಯೋದು ಯಾವ ನ್ಯಾಯ?

ಬಸವರಾಜ: ಗುರು ಹೇಳೂದು ಅರ್ಧ ಖರೇನ ಐತಿ. ಆಟದಿಂದ ಬಂದ ಮಾತು ಕಿವಿಗೆ ಎಷ್ಟ ಸಾಫ್ ಬಿದ್ರೂ ತಿಳಿಯೂದಿಲ್ಲ. ಆದ್ರ ಅದಕ್ಕ ಪಟ್ಟಿ ಮದ್ದಲ್ಲ. ಬೇಸ್‌ಬಾಲ್ ಆಟಾನ ಹತ್ತ ನಿಮಿಷ ಹೇಳಿಕೊಡು, ಹದಿನೈದು ಮಾತು ತಾವ ಬಿಡಸ್ಕೋತಾವ. ಹೊಡೀಬೇಕಾದ ಚೆಂಡು ತಪ್ಪಿದ್ರ ಒಂದು ‘ಸ್ಟ್ರೈಕ್’, ಮೂರು ಸ್ಟ್ರೈಕ್ ಆದ್ರ ಬ್ಯಾಟ್ಸ್‌ಮನ್ ಔಟ್. ಅದಕ್ಕ ‘ಸ್ಟ್ರಕ್ ಔಟ್’ ಅಂದ್ರ ಕೈಲಾದಷ್ಟು ನೋಡಿ ಸೋತ ಅಂತ. ಬಾಗಿ ಬರೂ ಚೆಂಡು ‘ಕರ್ವ್‌ಬಾಲ್’, ಅಂದ್ರ ಎಣಿಸದ ತೊಡಕು. ಬ್ಯಾಟ್ಸ್‌ಮನ್ ಯಾವುದರ ಪಕ್ಕ ನಿಲ್ತಾನೋ ಆ ನೆಲದ ಮ್ಯಾಲಿನ ಹಲಗಿ ‘ಪ್ಲೇಟ್’. ‘ಸ್ಟೆಪ್ ಅಪ್ ಟು ದ ಪ್ಲೇಟ್’ ಅಂದ್ರ ಹೊಣೆ ಹೊತ್ತು ಮುಂದ ಬಾ ಅಂತ. ಹುಡುಗರು ಊಟದ ತಟ್ಟಿ ಅಂದ್ಕೋತಾರ. ಒಂಬತ್ತು ಇನಿಂಗ್ಸ್ ಇರ್ತಾವ, ಅದಕ್ಕ ‘ಬಾಟಮ್ ಆಫ್ ದ ನೈನ್ತ್’, ಒಂಬತ್ತನೇದರ ಎರಡನೇ ಅರ್ಧ, ಅಂದ್ರ ಕಡೀ ಅವಕಾಶ. ಮಳಿ ಬಂದು ಆಟ ನಿಂತ್ರ ಟಿಕೆಟಿನ ಚೂರು ತೋರಿಸಿ ಇನ್ನೊಂದು ದಿನ ಬರಬಹುದಿತ್ತು, ಅದ ‘ರೇನ್ ಚೆಕ್’. ಊಟಕ್ಕ ಕರದಾಗ ‘ಐ ವಿಲ್ ಟೇಕ್ ಎ ರೇನ್ ಚೆಕ್’ ಅಂದ್ರ ಇವತ್ತ ಒಲ್ಲೆ, ಮತ್ತೊಮ್ಮೆ ಬರ್ತೀನಿ ಅಂತ.

ಬಸವರಾಜ: ನಮ್ಮ ಹುಡುಗರಿಗೆ ಕ್ರಿಕೆಟ್ ಗೊತ್ತಿರೂದು ಅನುಕೂಲನೂ ಹೌದು, ತೊಡಕೂ ಹೌದು. ಕ್ರಿಕೆಟ್‌ನಾಗ ಒಂದ ಚೆಂಡಿಗೆ ಬೋಲ್ಡ್. ಬೇಸ್‌ಬಾಲ್‌ನಾಗ ಮೂರು ಅವಕಾಶ. ಈ ಮೂರರ ಲೆಕ್ಕ ತಿಳೀದಿದ್ರ ಕ್ಯಾಲಿಫೋರ್ನಿಯಾದ 1994ರ ‘ತ್ರೀ ಸ್ಟ್ರೈಕ್ಸ್’ ಕಾನೂನಿನ ಹೆಸರೂ ತಿಳೀದು. ಗಂಭೀರ ಅಪರಾಧದಾಗ ಮೂರನೇ ಸಲ ಸಿಕ್ಕವನಿಗೆ 25 ವರ್ಷದಿಂದ ಜೀವಾವಧಿ ತನಕ ಶಿಕ್ಷಾ. ಪೊಲೀಸ್ ಸೀರೀಸ್‌ನಾಗ ಕಳ್ಳ ‘ನನ್ನ ಮ್ಯಾಲ ಎರಡು ಸ್ಟ್ರೈಕ್ ಅದಾವ’ ಅಂತ ನಡಗೂದು ಅದಕ್ಕ.

ಸುಮಂಗಲಾ: ಕೋರ್ಟಿನ ಮಾತಿಗೂ ಹಾಗೇ ಮಾಡಬಹುದು. ‘ಪ್ಲೀಡ್ ದ ಫಿಫ್ತ್’ ಅಂದ್ರೆ ಅಮೆರಿಕ ಸಂವಿಧಾನದ ಐದನೇ ತಿದ್ದುಪಡಿ, 1791ರದ್ದು. ತನ್ನ ವಿರುದ್ಧ ತಾನೇ ಸಾಕ್ಷಿ ಹೇಳೋಕೆ ಯಾರನ್ನೂ ಬಲವಂತ ಮಾಡೋ ಹಾಗಿಲ್ಲ. ನಮ್ಮ ಸಂವಿಧಾನದ 20(3)ನೇ ವಿಧಿಯಲ್ಲೂ ಇದೇ ಇದೆ, ಅದನ್ನ ಜೊತೆಗಿಟ್ಟು ಹೇಳಿದ್ರೆ ಮಕ್ಕಳು ಮರೆಯಲ್ಲ. ಮನೆಯಲ್ಲಿ ಕೇಕ್ ತಿಂದವರು ಯಾರು ಅಂದಾಗಲೂ ಮಗು ‘ಐ ಪ್ಲೀಡ್ ದ ಫಿಫ್ತ್’ ಅನ್ನುತ್ತೆ. ನಾ ಹೇಳಲ್ಲ ಅಂತ ಅಷ್ಟೇ. ಬಂಧಿಸುವಾಗ ಗಡಗಡ ಓದಿ ಹೇಳೋ ‘ಸುಮ್ಮನಿರುವ ಹಕ್ಕು ನಿನಗಿದೆ’ ಅನ್ನೋದು 1966ರ ಮಿರಾಂಡಾ ತೀರ್ಪಿನಿಂದ ಬಂದದ್ದು. ಇನ್ನು ‘ಡಿ.ಎ.’ ಅಂದ್ರೆ ನಮ್ಮ ಕಿವಿಗೆ ತುಟ್ಟಿಭತ್ಯೆ. ಅಲ್ಲಿ ಡಿಸ್ಟ್ರಿಕ್ಟ್ ಅಟಾರ್ನಿ, ಸರ್ಕಾರದ ಪರ ಮೊಕದ್ದಮೆ ನಡೆಸೋ ವಕೀಲ.

ಗುರುಪ್ರಸಾದ್: ನೋಡಿ, ನೀವೂ ಪಟ್ಟಿಯನ್ನೇ ಮಾಡ್ತಿದೀರಿ!

ಸುಮಂಗಲಾ: ಇಲ್ಲ ಗುರು. ಬೇರು ಹಿಡಿದು ಹೇಳ್ತಿದೀವಿ. ಆದ್ರೆ ನನಗೆ ನಿಜವಾಗಿ ಸಿಟ್ಟು ಬಂದಿದ್ದು 8ನೇ ಪುಟ ನೋಡಿ. ‘ಹಿ ಬಿ ವರ್ಕಿಂಗ್’ ಅನ್ನೋದಕ್ಕೆ ‘ಓದದವರ ತಪ್ಪು ಇಂಗ್ಲಿಷ್’ ಅಂತ ಬರೆದಿದಾರೆ. ಇದನ್ನ ಮಕ್ಕಳ ಕೈಗೆ ಕೊಡೋದಾ?

ಗುರುಪ್ರಸಾದ್: ವ್ಯಾಕರಣದ ಪ್ರಕಾರ ತಪ್ಪೇ ಅಲ್ವಾ? ಪರೀಕ್ಷೆಯಲ್ಲಿ ಹಾಗೆ ಬರೆದ್ರೆ ನೀನೇ ಕೆಂಪು ಗೀಟು ಹಾಕ್ತೀಯ.

ಸುಮಂಗಲಾ: ಪರೀಕ್ಷೆಯ ಇಂಗ್ಲಿಷ್‌ನಲ್ಲಿ ಹಾಕ್ತೀನಿ. ಆದ್ರೆ ಆಫ್ರಿಕನ್ ಅಮೆರಿಕನ್ ಇಂಗ್ಲಿಷ್‌ಗೆ ಅದರದ್ದೇ ವ್ಯಾಕರಣ ಇದೆ. ‘ಹಿ ವರ್ಕಿಂಗ್’ ಅಂದ್ರೆ ಈಗ ಕೆಲಸ ಮಾಡ್ತಿದಾನೆ. ‘ಹಿ ಬಿ ವರ್ಕಿಂಗ್’ ಅಂದ್ರೆ ಯಾವಾಗಲೂ ಮಾಡ್ತಿರ್ತಾನೆ. ನಮ್ಮ ‘ಮಾಡ್ತಿದಾನೆ’, ‘ಮಾಡ್ತಿರ್ತಾನೆ’ ನೋಡು, ಅದೇ ಭೇದ! ಪುಸ್ತಕದ ಇಂಗ್ಲಿಷ್ ಇದನ್ನ ಕ್ರಿಯಾಪದದ ರೂಪದಲ್ಲೇ ಇಷ್ಟು ಸ್ಪಷ್ಟವಾಗಿ ತೋರಿಸಲ್ಲ, ಕನ್ನಡದ ಮಗುವಿಗೆ ಒಂದೇ ಕ್ಷಣದಲ್ಲಿ ಹೊಳೆಯುತ್ತೆ. 1979ರಲ್ಲಿ ಮಿಷಿಗನ್‌ನ ಆ್ಯನ್ ಆರ್ಬರ್ ಶಾಲೆಗಳ ಮೊಕದ್ದಮೆಯಲ್ಲಿ, ಮಕ್ಕಳಿಗೆ ಓದು ಕಲಿಸುವಾಗ ಅವರ ಮನೆಮಾತನ್ನ ಲೆಕ್ಕಕ್ಕೆ ತಗೊಳ್ಳಲೇಬೇಕು ಅಂತ ಫೆಡರಲ್ ನ್ಯಾಯಾಧೀಶರೇ ಹೇಳಿದಾರೆ. ಆ ಸಾಲು ತೆಗೀದೆ ಹಾಕೋದಾದ್ರೆ ನನ್ನ ವಿರೋಧ ಇದೆ.

ಬಸವರಾಜ: ಸುಮಾ ಹೇಳೂದು ಖರೇ. ನಾ ಇಲ್ಲಿ ‘ಐತಿ’ ಅಂತ ಬರದ್ರ ಕನ್ನಡ ಬರಂಗಿಲ್ಲ ಅಂತ ಯಾರರ ಅಂತಾರೇನು?

ಗುರುಪ್ರಸಾದ್: ಸರಿ. ಆ ಪುಟ ತೆಗೀತೀನಿ. ಅದು ನನ್ನ ಗಮನಕ್ಕೆ ಬಂದಿರಲಿಲ್ಲ, ತಪ್ಪಾಯ್ತು.

ವೀಣಾ: ಈಗ ನನ್ನ ಮಾತಿಗೆ ಬಾ. ಮಕ್ಕಳು ಎಡವೋ ಜಾಗ ಮೂರು.

ಒಂದು, ‘ಟ’. ಎರಡು ಸ್ವರಗಳ ನಡುವೆ ಬಂದು ಮುಂದಿನ ಸ್ವರಕ್ಕೆ ಒತ್ತು ಇಲ್ಲದಿದ್ರೆ ಅಮೆರಿಕದವರ ನಾಲಿಗೆ ಒಮ್ಮೆ ತಟ್ಟಿ ಬಿಟ್ಟುಬಿಡುತ್ತೆ. ನಮಗೆ ‘ಡ’ ಥರ ಕೇಳಿಸುತ್ತೆ. ವಾಟರ್ ‘ವಾಡರ್’ ಆಗುತ್ತೆ, ರೈಟರ್ ಮತ್ತು ರೈಡರ್ ಹೆಚ್ಚುಕಡಿಮೆ ಒಂದೇ. ಹೋಟೆಲ್‌ನಲ್ಲಿ ಒತ್ತು ‘ಟೆ’ ಮೇಲೆ ಇರೋದ್ರಿಂದ ಟ ಗಟ್ಟಿಯಾಗೇ ಉಳಿಯುತ್ತೆ. ಪದಗಳ ನಡುವೆಯೂ ಹೀಗೇ: ‘ಗೆಟ್ ಔಟ್ ಆಫ್ ಹಿಯರ್’ ಆಗೋದು ‘ಗೆಡೌಡ ಹಿಯರ್’.

ಎರಡು, ‘ಹ’ ಮಾಯ. ‘ಐ ಶುಡ್ ಹ್ಯಾವ್ ಟೋಲ್ಡ್ ಹಿಮ್’ ಆಗೋದು ‘ಐ ಶುಡ ಟೋಲ್ಡಿಮ್’. ನಾಲ್ಕು ಉಸಿರಿನ ಮಾತು ಎರಡು ಉಸಿರಲ್ಲಿ ಮುಗಿಯುತ್ತೆ. ನಾವು ಕನ್ನಡದಲ್ಲಿ ಪ್ರತಿ ಅಕ್ಷರಕ್ಕೂ ಅದರ ಮಾತ್ರೆ ಕೊಡ್ತೀವಿ, ಇಂಗ್ಲಿಷ್‌ನಲ್ಲಿ ಒತ್ತಿರೋ ಅಕ್ಷರ ಹಿಗ್ಗಿ ಉಳಿದದ್ದು ಕುಗ್ಗುತ್ತೆ.

ಮೂರನೇದು ಎಲ್ಲಕ್ಕಿಂತ ಅಪಾಯ: ‘ಕ್ಯಾನ್’ ಮತ್ತು ‘ಕ್ಯಾನ್ಟ್’. ನಾವು ‘ಕಾಂಟ್’ ಅಂತ ಕಲಿತವರು, ಕೊನೆಯ ಟ ಕೇಳೋಕೆ ಕಾಯ್ತೀವಿ. ಅವರು ಆ ಟ ನುಂಗಿಬಿಡ್ತಾರೆ. ಕೇಳಬೇಕಾದ್ದು ಸ್ವರ. ‘ಐ ಕ್ನ್ ಗೋ’ ಅಂತ ಕುಗ್ಗಿದ್ರೆ ಹೋಗಬಲ್ಲೆ. ‘ಐ ಕ್ಯಾನ್ ಗೋ’ ಅಂತ ಪೂರ್ತಿ ಒತ್ತಿ, ಸಣ್ಣ ತಡೆ ಕೊಟ್ರೆ ಹೋಗಲಾರೆ. ನಮ್ಮ ಮಕ್ಕಳು ಇದನ್ನ ಪೂರ್ತಿ ತಿರುಗುಮುರುಗು ಕೇಳಿಸ್ಕೋತಾರೆ. ನೂರು ಸ್ಲ್ಯಾಂಗ್ ಬಾಯಿಪಾಠ ಮಾಡಿದವನೂ ಇಲ್ಲಿ ಬೀಳ್ತಾನೆ.

ಗುರುಪ್ರಸಾದ್: 0.75 ವೇಗದಲ್ಲಿ ಹಾಕಿಕೊಂಡು ನೋಡಿದ್ರೆ ಆಯ್ತಲ್ಲ?

ವೀಣಾ: ಹೇಳದೇ ಬಿಟ್ಟ ಧ್ವನಿ ನಿಧಾನ ಮಾಡಿದ್ರೆ ವಾಪಸ್ ಬರಲ್ಲ ಗುರು. ‘ಟೋಲ್ಡಿಮ್’ ನಿಧಾನವಾಗಿ ‘ಟೋಲ್ಡಿಮ್’ ಅಂತಲೇ ಕೇಳುತ್ತೆ. ಪದದ ಗಡಿ ಗುರುತಿಸೋಕೆ ಮೊದಲ ವಾರ ಸಹಾಯ ಆಗಬಹುದು, ಅಷ್ಟೇ.

ರಫೀಕ್: ಕ್ಯಾಪ್ಷನ್ ಬಗ್ಗೆಯೂ ಒಂದು ಎಚ್ಚರಿಕೆ. ಪರದೆ ಮೇಲೆ ಎರಡೇ ಸಾಲು, ನೆಟ್‌ಫ್ಲಿಕ್ಸ್‌ನ ಇಂಗ್ಲಿಷ್‌ಗೆ ಸಾಲಿಗೆ 42 ಅಕ್ಷರ. ಮಾತು ವೇಗವಾದಾಗ ‘ಯೂ ನೋ’, ‘ಐ ಮೀನ್’, ‘ಲೈಕ್’ ಇವು ಮೊದಲು ಹೋಗ್ತವೆ. ಹಾಗಾಗಿ ಕೇಳಿಸಿದ್ದಕ್ಕೂ ಕ್ಯಾಪ್ಷನ್‌ಗೂ ತಾಳೆ ಆಗದಿದ್ರೆ ಪ್ರತಿ ಸಲ ಕಿವಿಯನ್ನೇ ಬೈಕೋಬೇಡಿ. ಹಿಂದಿ ಸಬ್‌ಟೈಟಲ್ ಅಂತೂ ಬೇಡವೇ ಬೇಡ. ಅನುವಾದ ಮಾಡೋರು ನುಡಿಗಟ್ಟನ್ನ ಕರಗಿಸಿ ಬರೀ ಭಾವ ಉಳಿಸ್ತಾರೆ, ಕಲಿಯೋಕೆ ಏನೂ ಸಿಗಲ್ಲ. ‘ಸಿಸಿ’ (ಕ್ಲೋಸ್ಡ್ ಕ್ಯಾಪ್ಷನ್) ಗುರುತಿರೋ ಇಂಗ್ಲಿಷ್ ಆರಿಸ್ಕೊಳ್ಳಿ, ಅದು ಮಾತಿಗೆ ಸಾಮಾನ್ಯವಾಗಿ ಹತ್ತಿರ ಇರುತ್ತೆ.

ಗುರುಪ್ರಸಾದ್: ಹಾಗಾದ್ರೆ ಮಕ್ಕಳಿಗೆ ಏನು ಹೇಳಲಿ? ಕೈಗೆ ಏನಾದ್ರೂ ಕೊಡಬೇಕಲ್ಲ.

ವೀಣಾ: 22 ನಿಮಿಷದ ಸಿಟ್‌ಕಾಮ್, ಅಂದ್ರೆ ಹಾಸ್ಯ ಧಾರಾವಾಹಿ ತಗೋ. ಪೊಲೀಸ್, ಆಸ್ಪತ್ರೆ ಸೀರೀಸ್ ಮೊದಲಿಗೆ ಬೇಡ, ವೃತ್ತಿಪದಗಳ ರಾಶಿ. ಬಾಲ್ಟಿಮೋರ್ ಬೀದಿಯ ‘ದ ವೈರ್’ ಅಂತೂ ಒಂದು ವರ್ಷ ದೂರ ಇರಲಿ. ‘ಫ್ರೆಂಡ್ಸ್’ ಥರದ್ದು ಪ್ರೇಕ್ಷಕರ ಎದುರು ಚಿತ್ರೀಕರಿಸಿದ್ದು. ನಗೆ ನಿಲ್ಲೋವರೆಗೆ ನಟರು ಕಾಯ್ತಾರೆ, ಆ ಎರಡು ಸೆಕೆಂಡು ಕಲಿಯೋರಿಗೆ ಉಸಿರಾಟದ ಜಾಗ.

ಮೊದಲ ದಿನ ಇಡೀ ಕಂತು ಇಂಗ್ಲಿಷ್ ಕ್ಯಾಪ್ಷನ್ ಜೊತೆ, ಎಲ್ಲೂ ನಿಲ್ಲಿಸದೆ. ಎರಡನೇ ದಿನ ಅದರಲ್ಲೇ ಇಬ್ಬರು ಕೂತು ಮಾತಾಡೋ 90 ಸೆಕೆಂಡಿನ ದೃಶ್ಯ, ಕ್ಯಾಪ್ಷನ್ ಆಫ್. ಮೂರು ಸಲ ಕೇಳಿ, ಕೇಳಿಸಿದ್ದನ್ನ ಕನ್ನಡ ಲಿಪಿಯಲ್ಲಿ ಬರೀಬೇಕು. ಇಂಗ್ಲಿಷ್‌ನಲ್ಲಿ ಬರೆಯೋಕೆ ಹೋದ್ರೆ ಕೈ ತಾನಾಗಿ ಕಾಗುಣಿತ ತಿದ್ದಿಬಿಡುತ್ತೆ, ಕಿವಿ ಏನು ಕೇಳ್ತು ಅನ್ನೋದು ಮುಚ್ಚಿಹೋಗುತ್ತೆ. ಆಮೇಲೆ ಕ್ಯಾಪ್ಷನ್ ಹಾಕಿ ತಾಳೆ ನೋಡೋದು. ತಪ್ಪಿದ ಕಡೆ ಧ್ವನಿ ಸಿಗಲಿಲ್ಲವಾ, ಅರ್ಥ ಸಿಗಲಿಲ್ಲವಾ, ಹಿನ್ನೆಲೆ ಗೊತ್ತಿರಲಿಲ್ಲವಾ ಅಂತ ಗುರುತು ಹಾಕಬೇಕು. ಕೊನೆಗೆ ನಟನ ಜೊತೆಜೊತೆಗೇ ಐದಾರು ಸಲ ಹೇಳೋದು. ವಾರ ಬಿಟ್ಟು ಮತ್ತೆ ಅದೇ ದೃಶ್ಯ, ಕ್ಯಾಪ್ಷನ್ ಇಲ್ಲದೆ.

ಹಾಳಾಗೋದು ಎಲ್ಲಿ ಅಂದ್ರೆ, ಪ್ರತಿ ಸಾಲಿಗೂ ನಿಲ್ಲಿಸ್ತಾರೆ. 22 ನಿಮಿಷ ಒಂದೂವರೆ ಗಂಟೆ ಆಗಿ ನಾಲ್ಕನೇ ದಿನಕ್ಕೆ ಕೈಬಿಡ್ತಾರೆ. ಇಲ್ಲ, ಯಾವಾಗಲೂ ಕ್ಯಾಪ್ಷನ್ ಇಟ್ಕೋತಾರೆ. ಆಗ ಕಣ್ಣು ಓದ್ತಾ ಇರುತ್ತೆ, ಕಿವಿ ಮಲಗಿರುತ್ತೆ.

ಸುಮಂಗಲಾ: ‘ಕೈಬಿಡ್ತಾರೆ’ ಅಂದ್ಯಲ್ಲ ವೀಣಾ, ಅಲ್ಲೇ ಇದೆ ನೋಡು. ಕೈಕೊಟ್ಟ, ಕೈಬಿಟ್ಟ, ಕೈಹಿಡಿದ, ಕೈಹಾಕಿದ, ಕೈಚೆಲ್ಲಿದ. ಒಂದು ಕೈ, ಐದು ಅರ್ಥ. ಕ್ರಿಯಾಪದಕ್ಕೆ ‘ಅಪ್’ ಥರದ ಪುಟ್ಟ ಪದ ಸೇರಿ ಹೊಸ ಅರ್ಥ ಕೊಡೋ ಇಂಗ್ಲಿಷ್ ಫ್ರೇಸಲ್ ವರ್ಬ್‌ಗಳೂ ಇದೇ ಜಾತಿ. ‘ಸ್ಟುಡ್ ಅಪ್ ಫಾರ್ ಮಿ’ ಅಂದ್ರೆ ನನ್ನ ಪರ ನಿಂತ. ‘ಸ್ಟುಡ್ ಅಪ್ ಟು ಮಿ’ ಅಂದ್ರೆ ನನಗೆ ಎದುರು ನಿಂತ. ‘ಸ್ಟುಡ್ ಮಿ ಅಪ್’ ಅಂದ್ರೆ ಬರ್ತೀನಿ ಅಂತ ಹೇಳಿ ಕೈಕೊಟ್ಟ. ಮಕ್ಕಳಿಗೆ ‘ಸ್ಟ್ಯಾಂಡ್’ ಗೊತ್ತು, ‘ಅಪ್’ ಗೊತ್ತು, ಹಾಗಾಗಿ ನಿಘಂಟು ತೆಗೆಯೋದೇ ಇಲ್ಲ! ಗುರು, ನಿನ್ನ ನೂರರಲ್ಲಿ ಇವು ಎಷ್ಟಿವೆ? ಎಣಿಸಿದೆ, ಆರು. ಇವು ಪ್ರತಿ ದೃಶ್ಯದಲ್ಲೂ ಬರೋವು, ಮೂವತ್ತು ವರ್ಷ ಆದ್ರೂ ಹಳೆಯದಾಗದವು. ‘ಆನ್ ಫ್ಲೀಕ್’ (ಅಚ್ಚುಕಟ್ಟಾಗಿದೆ ಅಂತ) 2014ರಲ್ಲಿ ಹಬ್ಬಿತು, ಆಗಲೇ ಹಳಸಿದೆ.

ರಫೀಕ್: ಸ್ವರದ ಏರಿಳಿತದಿಂದ ಅರ್ಥ ಮಗುಚೋ ಮಾತುಗಳನ್ನೂ ಸೇರಿಸಿ ಸುಮಕ್ಕ. ‘ಟೆಲ್ ಮಿ ಅಬೌಟ್ ಇಟ್’ ಅಂದ್ರೆ ಹೇಳು ಅಂತಲ್ಲ, ಅದು ನನಗೆ ಗೊತ್ತಿಲ್ವಾ, ನನ್ನ ಪಾಡೂ ಅದೇ ಅಂತ. ಕಾಫಿ ಕೊಟ್ಟಾಗ ‘ಐಮ್ ಗುಡ್’ ಅಂದ್ರೆ ಬೇಡ. ‘ಶಟ್ ಅಪ್’ ಅಂತ ಕಣ್ಣರಳಿಸಿ ಅಂದ್ರೆ ‘ಹೌದಾ, ನಿಜವಾಗ್ಲೂ?’ ಅಂತ.

ಸುಮಂಗಲಾ: ಇನ್ನೊಂದು ಪಟ್ಟಿ ಬೇಕೇಬೇಕು: ನಾವು ಇಲ್ಲಿ ಆಡೋ ಇಂಗ್ಲಿಷ್ ಅಲ್ಲಿ ಬೇರೆ ಆಗೋದು. ‘ಪಾಸ್ ಔಟ್’ ನಮಗೆ ಪದವಿ ಮುಗಿಸಿದ್ದು, ಅಲ್ಲಿ ಪ್ರಜ್ಞೆ ತಪ್ಪಿದ್ದು. ‘ರಬ್ಬರ್’ ನಮಗೆ ಅಳಿಸೋದು, ಅಲ್ಲಿ ಕಾಂಡೋಮ್. ‘ಫಸ್ಟ್ ಫ್ಲೋರ್’ ಅಂದ್ರೆ ಸಾಮಾನ್ಯವಾಗಿ ನೆಲಮಹಡಿ. ಮತ್ತೆ ಎಲ್ಲಾ ಪಟ್ಟಿಯ ಮೇಲೂ ದಪ್ಪಕ್ಷರದಲ್ಲಿ ಬರಿ: ಇವು ಅರ್ಥ ಮಾಡ್ಕೊಳ್ಳೋಕೆ, ಆಡೋಕಲ್ಲ. ಸಂದರ್ಶನಕ್ಕೆ ಹೋಗಿ ‘ನೋ ಕ್ಯಾಪ್’ (ಸುಳ್ಳಲ್ಲ) ಅನ್ನೋದು ಬೇಡ.

ಗುರುಪ್ರಸಾದ್: ಸರಿ, ಆದ್ರೆ ಪಟ್ಟಿಯನ್ನ ನಾನು ಬಿಡಲ್ಲ. ಹಳ್ಳಿಯಿಂದ ಬಂದ ಹುಡುಗನಿಗೆ ‘90 ಸೆಕೆಂಡು ಕೇಳಿ ಬರಿ’ ಅಂದ್ರೆ ಮೊದಲ ದಿನ ಖಾಲಿ ಹಾಳೆ ಕೊಡ್ತಾನೆ. ಹತ್ತು ಮಾತು ಮೊದಲೇ ಗೊತ್ತಿದ್ರೆ ಅವು ದೃಶ್ಯದಲ್ಲಿ ಬಂದಾಗ ಮುಖ ಅರಳುತ್ತೆ, ಮುಂದಿನದು ಕೇಳೋಕೆ ಧೈರ್ಯ ಬರುತ್ತೆ.

ವೀಣಾ: ಅದನ್ನ ಒಪ್ತೀನಿ. ಆದ್ರೆ ಆ ಹತ್ತು ಅದೇ ದೃಶ್ಯದ್ದೇ ಆಗಿರಲಿ. ಮೊದಲು ದೃಶ್ಯ ಆರಿಸು, ಆಮೇಲೆ ಪಟ್ಟಿ ಮಾಡು. ಪಕ್ಕದಲ್ಲಿ ‘ಕೇಳಿಸೋದು ಹೀಗೆ’ ಅಂತ ಒಂದು ಕಾಲಂ ಇರಲಿ.

ಗುರುಪ್ರಸಾದ್: ಆಗಲಿ. ನೂರು ಬೇಡ, ನಾಲ್ಕು ದೃಶ್ಯಕ್ಕೆ ನಲವತ್ತು. ಫ್ರೇಸಲ್ ವರ್ಬ್ ಸುಮಾ ನೋಡ್ಲಿ, ಧ್ವನಿ ಕಾಲಂ ವೀಣಾ, ಕ್ಯಾಪ್ಷನ್ ಜೊತೆ ತಾಳೆ ರಫೀಕ್. ಬೇಸ್‌ಬಾಲ್ ಒಂದು ಪುಟ ಬಸವರಾಜ, ಮೈದಾನದ ಚಿತ್ರ ಬರೆದು ಕೊಡು.

ಬಸವರಾಜ: ಐತವಾರ ರಾತ್ರಿ ಕಳಸ್ತೀನಿ. ಪ್ಲೇಟ್ ಎಲ್ಲಿ, ಲೆಫ್ಟ್ ಫೀಲ್ಡ್ ಎಲ್ಲಿ ಅಂತ ಗುರುತು ಮಾಡಿರ್ತೀನಿ. ನೀ ಅಷ್ಟರಾಗ ‘ಸ್ಟಿಕಿ ವಿಕೆಟ್’ ತಗದ್ ಹಾಕು, ಅದು ಇಂಗ್ಲೆಂಡಿನ ಕ್ರಿಕೆಟ್ ಮಾತು.

ಗುರುಪ್ರಸಾದ್: ತೆಗೆದೆ. 14 ಮತ್ತು 31 ತಿದ್ದಿದೆ. 8ನೇ ಪುಟದ ಜಾಗದಲ್ಲಿ ಸುಮಾ ಹೇಳಿದ ‘ಮಾಡ್ತಿದಾನೆ, ಮಾಡ್ತಿರ್ತಾನೆ’ ಹಾಕ್ತಿದೀನಿ.