ಮೀನಿನ ಮೈಯಲ್ಲಿ ಕೂಡಿಕೊಳ್ಳುವ ರಾಸಾಯನಿಕವನ್ನು ಅಳೆಯುವುದು: ಅನುಭವಸ್ಥರು ತಿಳಿಸಿ

ಪ್ರಶ್ನೆ: ಒಂದು ಕೀಟನಾಶಕ ಮೀನಿನಲ್ಲಿ ಎಷ್ಟು ಶೇಖರವಾಗುತ್ತದೆ ಎಂದು ಮೊದಲ ಬಾರಿಗೆ ಅಳೆಯಲು ಹೊರಟಿದ್ದೇನೆ. ಅದರ ಆಕ್ಟನಾಲ್–ನೀರು ವಿತರಣಾ ಗುಣಾಂಕದ ಲಾಗ್ ಮೌಲ್ಯ 5.3, ಅಂದರೆ ನೀರಿಗಿಂತ ಕೊಬ್ಬಿಗೇ ಹೆಚ್ಚು ಒಲಿಯುವ ವಸ್ತು. ಅಂತರರಾಷ್ಟ್ರೀಯ ಸಂಘಟನೆ ಒಇಸಿಡಿಯ 305ನೇ ಪರೀಕ್ಷಾ ಮಾರ್ಗಸೂಚಿಯನ್ನು ಓದಿಕೊಂಡಿದ್ದೇನೆ: 28 ದಿನ ರಾಸಾಯನಿಕ ಬೆರೆತ ನೀರು, ಆಮೇಲೆ ಶುದ್ಧ ನೀರು. ಕೈ ಸುಟ್ಟುಕೊಂಡು ಕಲಿತ ಮಾತುಗಳಿದ್ದರೆ ದಯವಿಟ್ಟು ಹೇಳಿ.

ಉತ್ತರ 1: ಮೀನಿಗಿಂತ ಮೊದಲು ನೀರನ್ನು ಅನುಮಾನಿಸಿ. ನನ್ನ ಮೊದಲ ಪ್ರಯೋಗದಲ್ಲಿ ತೊಟ್ಟಿಗೆ ಎಷ್ಟು ಹಾಕಿದೆನೋ ಅಷ್ಟೇ ಇದೆ ಎಂದುಕೊಂಡು ಲೆಕ್ಕ ಮಾಡಿದೆ. ಅಳೆದು ನೋಡಿದಾಗ ಅರ್ಧಕ್ಕಿಂತ ಹೆಚ್ಚು ಭಾಗ ಕೊಳವೆಯ ಒಳಮೈಗೂ ಗಾಜಿಗೂ ಅಂಟಿಕೊಂಡಿತ್ತು. ನೀರಿಗೆ ಒಲ್ಲದ ವಸ್ತುಗಳ ಸ್ವಭಾವವೇ ಅದು. ತಿನ್ನದೆ ಉಳಿದ ಆಹಾರ ಮತ್ತು ಮಲ ಇನ್ನೊಂದು ತೊಡಕು. ರಾಸಾಯನಿಕ ಅವುಗಳಿಗೆ ಅಂಟಿಕೊಂಡರೆ ಕಿವಿರಿನ ಮೂಲಕ ಮೀನಿನೊಳಗೆ ಹೋಗದು, ಆದರೆ ನಿಮ್ಮ ನೀರಿನ ಮಾದರಿಯಲ್ಲಿ ಮಾತ್ರ ಲೆಕ್ಕಕ್ಕೆ ಬರುತ್ತದೆ.

ಬಿಸಿಎಫ್ (ಜೈವಿಕ ಸಾಂದ್ರತಾ ಗುಣಾಂಕ) ಎಂದರೆ ಮೀನಿನಲ್ಲಿರುವ ಸಾಂದ್ರತೆಯನ್ನು ನೀರಿನ ಸಾಂದ್ರತೆಯಿಂದ ಭಾಗಿಸಿದ ಸಂಖ್ಯೆ. ಈ ಎರಡೂ ತಪ್ಪುಗಳಲ್ಲಿ ಛೇದ ಹಿಗ್ಗುತ್ತದೆ, ಬಿಸಿಎಫ್ ಕುಗ್ಗುತ್ತದೆ. ಯುರೋಪಿನ ರಾಸಾಯನಿಕಗಳ ಕಾನೂನಾದ ರೀಚ್ ನಿಯಮದಲ್ಲಿ ಬಿಸಿಎಫ್ 2000 ದಾಟಿದರೆ ಸಂಚಯಶೀಲ, 5000 ದಾಟಿದರೆ ಅತಿ ಸಂಚಯಶೀಲ. ಆ ಗೆರೆಯ ಕೆಳಗೆ ಬಿದ್ದ ವಸ್ತುವನ್ನು ಮತ್ತೆ ಯಾರೂ ಅಷ್ಟಾಗಿ ವಿಚಾರಿಸುವುದಿಲ್ಲ. ಆದ್ದರಿಂದ ಮೀನು ಬಿಡುವ ಮೊದಲೇ ಕೆಲವು ದಿನ ರಾಸಾಯನಿಕ ಬೆರೆತ ನೀರು ಹರಿಸಿ, ಕೊಳವೆಗಳು ಹಿಡಿದುಕೊಳ್ಳುವಷ್ಟು ಹಿಡಿದುಕೊಳ್ಳಲಿ, ಆಹಾರ ಕೊಟ್ಟ ಅರ್ಧ ಗಂಟೆಯಿಂದ ಒಂದು ಗಂಟೆಯೊಳಗೆ ಉಳಿದದ್ದನ್ನು ಹೀರಿ ತೆಗೆಯಿರಿ, ನೀರಿನ ಸಾಂದ್ರತೆ ಶೇ 20ರ ಆಚೀಚೆ ಹೋಗದಂತೆ ಕಾಯಿರಿ.

ಉತ್ತರ 2: ಮೇಲಿನವರು ಹೇಳಿದ ದಿಕ್ಕಿನಲ್ಲೇ ಎಳೆಯುವ ಇನ್ನೊಂದು ತಪ್ಪು ಬೆಳವಣಿಗೆ. ನಮ್ಮ ಟ್ರೌಟ್ ಮರಿಗಳು ಶುದ್ಧ ನೀರಿನ ಹಂತದಲ್ಲಿ ಚೆನ್ನಾಗಿ ಬೆಳೆದವು. ಗ್ರಾಂ ಲೆಕ್ಕದಲ್ಲಿ ರಾಸಾಯನಿಕ ಬೇಗ ಇಳಿದಂತೆ ಕಂಡಿತು. ನಿಜದಲ್ಲಿ ಅದು ಹೊರಗೆ ಹೋಗಿರಲಿಲ್ಲ, ಮೀನು ದೊಡ್ಡದಾಗಿತ್ತು ಅಷ್ಟೆ. ಪ್ರತಿ ಮಾದರಿಯ ಮೀನನ್ನೂ ತೂಗಿ, ಬೆಳವಣಿಗೆಯ ದರವನ್ನು ವಿಸರ್ಜನೆಯ ದರದಿಂದ ಕಳೆಯಿರಿ. ನಿಮ್ಮ ವಸ್ತು 28 ದಿನಗಳಲ್ಲಿ ಸಮತೋಲನಕ್ಕೆ ಬರುವುದು ಅನುಮಾನ. ಕೊನೆಯ ದಿನದ ಅನುಪಾತವನ್ನು ನೆಚ್ಚದೆ, ಹೀರಿಕೆ ಮತ್ತು ವಿಸರ್ಜನೆಯ ದರಗಳಿಂದಲೇ ಬಿಸಿಎಫ್ ಲೆಕ್ಕ ಹಾಕಿ.

ಉತ್ತರ 3: ಕೊಬ್ಬನ್ನು ಅಳೆಯದೆ ಬಿಡಬೇಡಿ. ಫಲಿತಾಂಶವನ್ನು ಶೇ 5 ಕೊಬ್ಬಿಗೆ ಹೊಂದಿಸಿ ಕೊಡದಿದ್ದರೆ ಬೇರೆಯವರ ಮೀನಿನೊಂದಿಗೆ ಹೋಲಿಸಲಾಗದು. ಆದರೆ ಈ ಸೂತ್ರವನ್ನು ಎಲ್ಲದಕ್ಕೂ ಹಚ್ಚುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಜಪಾನಿನ ಮಿನಮಾಟದಲ್ಲಿ ಜನರ ನರಮಂಡಲವನ್ನು ಕೆಡಿಸಿದ ಮೀಥೈಲ್ ಪಾದರಸ ಮೀನಿನ ಸ್ನಾಯುವಿನ ಪ್ರೋಟೀನಿನಲ್ಲಿ ಕೂರುತ್ತದೆ, ಕೊಬ್ಬಿನಲ್ಲಲ್ಲ. ಪಿಎಫ್‌ಒಎಸ್ ಎಂಬ ಫ್ಲೋರಿನ್ ಸಂಯುಕ್ತ ಕೂಡ ರಕ್ತದ ಪ್ರೋಟೀನನ್ನು ಹಿಡಿಯುತ್ತದೆ. ನಿಮ್ಮ ಕೀಟನಾಶಕ ಕೊಬ್ಬಿಗೆ ಒಲಿಯುವಂಥದ್ದು, ಕೊಬ್ಬೇ ಸರಿ.

ಉತ್ತರ 4: ವಿಕಿರಣಶೀಲ ಇಂಗಾಲ-14ರ ಗುರುತು ಹಾಕಿದ ವಸ್ತು ಬಳಸುವುದಾದರೆ ಎಚ್ಚರ. ಒಟ್ಟು ವಿಕಿರಣವನ್ನು ಎಣಿಸಿದರೆ ಮೀನು ಒಡೆದ ತುಣುಕುಗಳೂ ಸೇರಿ ಬಿಸಿಎಫ್ ಹಿಗ್ಗುತ್ತದೆ. ಮೂಲ ವಸ್ತುವನ್ನು ಬೇರ್ಪಡಿಸಿ ಅಳೆಯಿರಿ. ಯಕೃತ್ತು ಅದನ್ನು ಒಡೆಯುತ್ತದೆಯೇ ಎಂದು ಮೊದಲೇ ತಿಳಿಯಲು ಒಇಸಿಡಿಯ 2018ರ 319ಎ ಮತ್ತು 319ಬಿ ಪರೀಕ್ಷೆಗಳಿವೆ, ಮೊದಲನೆಯದಕ್ಕೆ ಟ್ರೌಟ್ ಯಕೃತ್ತಿನ ಕೋಶಗಳು, ಎರಡನೆಯದಕ್ಕೆ ಯಕೃತ್ತನ್ನು ಅರೆದು ತೆಗೆದ ಅಂಶ ಸಾಕು. ಎಷ್ಟೋ ಮೀನುಗಳ ಜೀವ ಉಳಿಯುತ್ತದೆ.

ಪ್ರಶ್ನೆ ಕೇಳಿದವರು: ಎಲ್ಲರಿಗೂ ಧನ್ಯವಾದ. ನೀರಿನ ಸಾಂದ್ರತೆ ಹಿಡಿತಕ್ಕೆ ಸಿಗದಿದ್ದರೆ ಆಹಾರದ ಮೂಲಕ ಕೊಡಬಹುದೇ?

ಉತ್ತರ 1: ಕೊಡಬಹುದು, 305ನೇ ಮಾರ್ಗಸೂಚಿಯ 2012ರ ಪರಿಷ್ಕರಣೆಯಲ್ಲಿ ಆ ವಿಧಾನವಿದೆ. ಆದರೆ ಅದರಲ್ಲಿ ಸಿಗುವುದು ಬಿಎಂಎಫ್, ಅಂದರೆ ಮೀನಿನ ಸಾಂದ್ರತೆಯನ್ನು ನೀರಿನ ಬದಲು ಆಹಾರದ ಸಾಂದ್ರತೆಗೆ ಹೋಲಿಸಿದ ಸಂಖ್ಯೆ, ಅದನ್ನು 2000ದ ಗೆರೆಯ ಪಕ್ಕ ನೇರವಾಗಿ ಇಡುವಂತಿಲ್ಲ. ಕರುಳಿನಲ್ಲಿ ಉಳಿದ ಆಹಾರವನ್ನು ತೆಗೆದೇ ವಿಶ್ಲೇಷಣೆಗೆ ಕಳುಹಿಸಿ. ಮೊದಲು ಮೀನಿಲ್ಲದ ತೊಟ್ಟಿಯಲ್ಲಿ ಒಂದು ವಾರ ನೀರನ್ನಷ್ಟೇ ಅಳೆದು ನೋಡಿ, ಆಮೇಲೆ ತೀರ್ಮಾನಿಸಿ.