ಗಾಳ ಹಾಕುವವರನ್ನು ಸಮೀಕ್ಷೆಗೆ ಒಪ್ಪಿಸುವುದು ಹೇಗೆ?

ಕೇಳಿದವರು, ಧಾರವಾಡ:
ಹವ್ಯಾಸಕ್ಕೆ ಮೀನು ಹಿಡಿಯುವವರ ಸಮೀಕ್ಷೆ ಮಾಡುತ್ತಿದ್ದೇನೆ. ಕೆಲಗೇರಿ ಕೆರೆ, ಉಣಕಲ್ ಕೆರೆ, ಹಾವೇರಿ ಕಡೆ ವರದಾ ದಂಡೆ. ಫಾರ್ಮ್ ಕಂಡ ಕೂಡಲೇ ಎದ್ದು ಹೋಗುತ್ತಾರೆ. ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ್ದಕ್ಕೆ ಹನ್ನೊಂದು ಉತ್ತರ ಬಂತು, ಅದರಲ್ಲಿ ನಾಲ್ವರು ನನ್ನ ಗೆಳೆಯರೇ. ಅನುಭವ ಇದ್ದವರು ಹೇಳಿ.

ಹಾವೇರಿಯಿಂದ:
ಗಳಗನಾಥದಲ್ಲಿ, ವರದಾ ತುಂಗಭದ್ರೆಗೆ ಸೇರುವಲ್ಲಿ, ನನ್ನದೂ ಇದೇ ಪಾಡಾಗಿತ್ತು. ಮೊದಲ ದಿನ ಇಸ್ತ್ರಿ ಅಂಗಿ, ಕೊರಳಲ್ಲಿ ಐಡಿ ಕಾರ್ಡು, ಕೈಯಲ್ಲಿ ಪ್ಯಾಡು. ಒಬ್ಬ ಹಿರಿಯರು ಕೇಳಿದ್ದೇ, "ಟೆಂಡರ್‌ನವರ ಕಡೆಯವರೇನ್ರೀ?" ನಮ್ಮಲ್ಲಿ ಮೀನು ಹಿಡಿಯುವ ಹಕ್ಕನ್ನು ಗುತ್ತಿಗೆಗೆ ಕೊಡುತ್ತಾರಲ್ವಾ? ಭಾನುವಾರ ಸುಮ್ನೆ ಗಾಳ ಹಿಡಿದು ಬಂದವರಿಗೆ ಆ ಅಂಜಿಕೆ ಇದ್ದೇ ಇರುತ್ತದೆ. ಮರುವಾರ ಮೊದಲು ಪಕ್ಕದಲ್ಲಿ ಕೂತೆ. ನಾನು ಯಾರು, ಯಾಕೆ ಬಂದೆ ಅಂತ ಬಾಯಲ್ಲೇ ಹೇಳಿದೆ. ಅವರ ಹೆಸರು ಕೇಳಲೇ ಇಲ್ಲ. ಬೆಂಡು ಅಲ್ಲಾಡುವಾಗ ಮಾತ್ರ ಬಾಯಿ ಬಿಡಬೇಡಿ. ಆ ಮೀನು ತಪ್ಪಿತು ಅಂದ್ರೆ ಪಾಪ ನಿಮ್ಮ ತಲೆಗೇ! ಅವರು ಗಾಳ ಸುತ್ತಿ ಎದ್ದ ಮೇಲೆ ಕೇಳಿ. ಆಗ ಚೀಲದ ಮೀನನ್ನೂ ನೀವೇ ಎಣಿಸಬಹುದು. ಬಾಯಿಲೆಕ್ಕದಲ್ಲಿ ಮೀನು ಬೆಳೆಯುತ್ತಲೇ ಹೋಗುತ್ತದೆ.

ಧಾರವಾಡದಿಂದ, ಅಂಕಿಅಂಶ ಕಲಿಸುವವನು:
ದಂಡೆಯಲ್ಲೇ ಜನರನ್ನು ಹುಡುಕಿದರೆ ಪದೇ ಪದೇ ಬರುವವರೇ ಜಾಸ್ತಿ ಸಿಗುತ್ತಾರೆ. ತಿಂಗಳಿಗೆ 20 ದಿನ ಬರುವವರು, ಒಂದೇ ದಿನ ಬರುವವರಿಗಿಂತ ಹೆಚ್ಚು ಕಡಿಮೆ 20 ಪಟ್ಟು ಸುಲಭವಾಗಿ ಕೈಗೆ ಸಿಗುತ್ತಾರೆ. ಅದಕ್ಕೇ "ಹೋದ ತಿಂಗಳು ಎಷ್ಟು ದಿನ ಬಂದಿದ್ರಿ?" ಅಂತ ತಪ್ಪದೆ ಕೇಳಿ, ಹೆಚ್ಚು ದಿನ ಬಂದವರ ಉತ್ತರಕ್ಕೆ ಅಷ್ಟೇ ಕಡಿಮೆ ತೂಕ ಕೊಟ್ಟು ಲೆಕ್ಕ ಸರಿಮಾಡಿ. ಅಮೆರಿಕದಲ್ಲಿ ರಾಜ್ಯಗಳು ಲೈಸೆನ್ಸ್ ಕೊಡುತ್ತವೆ, ಆ ಪಟ್ಟಿಯಿಂದ ಹೆಸರು ಆರಿಸಬಹುದು. ಕೆಲಗೇರಿಗೆ ಅಂಥ ಪಟ್ಟಿ ಎಲ್ಲಿಂದ ತರುತ್ತೀರಿ? ಅಂದಹಾಗೆ, ಇಡೀ ವರ್ಷದ ಲೆಕ್ಕ ಕೇಳಬೇಡಿ. ಅಲ್ಲಿನ ರಾಷ್ಟ್ರೀಯ ಸಮೀಕ್ಷೆಯೂ 1991ರಿಂದ ಆ ಪದ್ಧತಿ ಬಿಟ್ಟು ನೆನಪಿನ ಅವಧಿ ಕಡಿಮೆ ಮಾಡಿತು. 2000-01ರಲ್ಲಿ ಆಸ್ಟ್ರೇಲಿಯಾದವರು ಮನೆಗಳಿಗೆ ಡೈರಿ ಕೊಟ್ಟು ಆಗಾಗ ಫೋನ್ ಮಾಡಿ ಕೇಳಿದರು. ಇಲ್ಲಿ ಡೈರಿ ನಡೆಯಲಿಕ್ಕಿಲ್ಲ. ಫೋನ್ ನಡೆಯುತ್ತದೆ, ರಾತ್ರಿ ಊಟ ಆದ ಮೇಲೆ.

ಗದಗದಿಂದ:
ಬರಿಗೈಲಿ ಹೋಗುವವರನ್ನು ಬಿಡಬೇಡಿ. "ನಮ್ದೇನ್ ಬರ್ಕೋತೀರಿ, ಏನೂ ಸಿಕ್ಕಿಲ್ಲ" ಅಂತ ಜಾರಿಕೊಳ್ಳುತ್ತಾರೆ. ಆ ಸೊನ್ನೆಯೂ ಬೇಕು. ಇನ್ನೊಂದು, ದುಡ್ಡು ಕೊಡಬೇಡಿ. ಹಮ್ಮಿಗಿ ಬ್ಯಾರೇಜ್ ಹತ್ತಿರ ತಲೆಗೆ ಐವತ್ತು ರೂಪಾಯಿ ಕೊಟ್ಟಿದ್ದೆ. ಮರುದಿನ ನಸುಕಿಗೇ ಹದಿನೈದು ಜನ ಸಾಲಾಗಿ ಕೂತಿದ್ದರು. ಗಾಳ ಇದ್ದದ್ದು ಮೂರೇ.